ಲಿನಕ್ಸ್ ಬೂಟ್ ಆಗುತ್ತಿಲ್ಲವೇ? ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ಉಬುಂಟು ಹಾಕಿದ ಲ್ಯಾಪ್‌ಟಾಪನ್ನು ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ನಾಲ್ಕು ಸಾಲು. ಗಾಬರಿಯಲ್ಲಿ ಬಹಳ ಮಂದಿ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೂಟ್ ಆಗದಿದ್ದರೂ ಫೋಟೊ, ದಾಖಲೆಗಳು ಸಾಮಾನ್ಯವಾಗಿ ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ. ಅವನ್ನು ಅಳಿಸಿಹಾಕುವುದು ಆ ಫಾರ್ಮ್ಯಾಟೇ.

ಮೊದಲ ಕೆಲಸ, ಪರದೆಯ ಮೇಲಿನ ಕೊನೆಯ ಸಾಲುಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುವುದು. ಬೂಟ್ ಆಗುವಾಗ ಕೆಲಸ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಮದರ್‌ಬೋರ್ಡಿನ ಯುಇಎಫ್‌ಐ (ಆನ್ ಮಾಡಿದ ಕೂಡಲೇ ಓಡುವ ಮೂಲ ತಂತ್ರಾಂಶ, ಹಳೆಯ ಯಂತ್ರಗಳಲ್ಲಿ ಬಯೋಸ್) ಗ್ರಬ್ ಎಂಬ ಬೂಟ್ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಗ್ರಬ್ ಲಿನಕ್ಸಿನ ತಿರುಳಾದ ಕರ್ನೆಲ್ಲನ್ನೂ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ತಾತ್ಕಾಲಿಕ ವ್ಯವಸ್ಥೆಯನ್ನೂ ಮೆಮೊರಿಗೆ ತರುತ್ತದೆ. ಆ ತಾತ್ಕಾಲಿಕ ವ್ಯವಸ್ಥೆ ರೂಟ್ ಪಾರ್ಟಿಷನ್ (ಡಿಸ್ಕಿನಲ್ಲಿ ಲಿನಕ್ಸ್ ಇರುವ ಭಾಗ) ಹುಡುಕಿ, ಉಳಿದದ್ದನ್ನೆಲ್ಲ ಶುರುಮಾಡುವ ಸಿಸ್ಟಮ್‌ಡಿಗೆ ಒಪ್ಪಿಸುತ್ತದೆ. ಲಾಗಿನ್ ಪರದೆ ಬರುವುದು ಆಮೇಲೆ. ಎಲ್ಲಿ ನಿಂತಿತೋ ಅಲ್ಲೇ ಕೈ ಹಾಕಬೇಕು.

ಹಳೆಯ ಕರ್ನೆಲ್

ನಿನ್ನೆ ಅಪ್‌ಡೇಟ್ ಆಗಿ ಇವತ್ತು ನಿಂತಿದ್ದರೆ ಇದನ್ನೇ ಮೊದಲು ಮಾಡಿ. ತಯಾರಕರ ಲೋಗೋ ಕಾಣಿಸಿದ ಕೂಡಲೇ ಎಸ್ಕೇಪ್ ಕೀ ಒತ್ತಿ (ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ). ಗ್ರಬ್ ಮೆನು ಬಂದರೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನೆಲ್ ಆರಿಸಿ. ಅದರಲ್ಲಿ ಸರಿಯಾಗಿ ಬೂಟ್ ಆದರೆ ತಪ್ಪಿರುವುದು ಹೊಸ ಕರ್ನೆಲ್ಲಿನಲ್ಲಿ ಅಥವಾ ಅದಕ್ಕೆ ಹೊಂದದ ಗ್ರಾಫಿಕ್ಸ್ ಡ್ರೈವರಿನಲ್ಲಿ. ಹಳೆಯ ಕರ್ನೆಲ್ಲೇ ಉಳಿದಿಲ್ಲದಿದ್ದರೆ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ (nomodeset) ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಬೂಟಿಗೆ ಮಾತ್ರ. ಒಳಗೆ ಹೋದ ಮೇಲೆ ಡ್ರೈವರ್ ಸರಿಪಡಿಸಿಕೊಳ್ಳಬೇಕು.

ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್

ಕೆಲಸ ನಡೆಯುವಾಗಲೇ ಕರೆಂಟ್ ಹೋಗಿ ಯಂತ್ರ ಆಫ್ ಆದರೆ ಡಿಸ್ಕಿಗೆ ಬರೆಯುತ್ತಿದ್ದ ಮಾಹಿತಿ ಅರ್ಧಕ್ಕೇ ನಿಲ್ಲುತ್ತದೆ. ಸಾಮಾನ್ಯವಾಗಿ ಉಬುಂಟುವಿನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ರ ಜರ್ನಲ್ (ಬರೆಯುವುದರ ದಿನಚರಿ) ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಆಗದಿದ್ದರೆ ಬ್ರಾಕೆಟ್ಟಿನಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪ್ರಾಂಪ್ಟ್ (ಕಮಾಂಡಿಗೆ ಕಾಯುವ ಸಾಲು) ಬರುತ್ತದೆ. ಅದರ ಮೇಲಿನ ಸಾಲುಗಳಲ್ಲಿ ಪಾರ್ಟಿಷನ್ ಹೆಸರೂ ಇರುತ್ತದೆ: /ಡೆವ್/ಎಸ್‌ಡಿಎ2 ಎಂದೋ, ಎನ್‌ವಿಎಂಇ ಡಿಸ್ಕಾದರೆ /ಡೆವ್/ಎನ್‌ವಿಎಂಇ0ಎನ್1ಪಿ2 ಎಂದೋ. ‘ಎಫ್‌ಎಸ್‌ಸಿಕೆ’, ಒಂದು ಸ್ಪೇಸ್, ‘ಮೈನಸ್ ವೈ’, ಇನ್ನೊಂದು ಸ್ಪೇಸ್, ಆಮೇಲೆ ಆ ಹೆಸರು (fsck -y ಮತ್ತು ಹೆಸರು) ಟೈಪ್ ಮಾಡಿ ಎಂಟರ್ ಒತ್ತಿ. ಹತ್ತಾರು ಸಾಲು ಓಡಿ ನಿಂತ ಮೇಲೆ ‘ಎಕ್ಸಿಟ್’ ಕೊಟ್ಟರೆ ಬೂಟ್ ಮುಂದುವರಿಯುತ್ತದೆ. ಮೌಂಟ್ ಆಗಿರುವ, ಅಂದರೆ ಬಳಕೆಯಲ್ಲಿರುವ ಪಾರ್ಟಿಷನ್ ಮೇಲೆ ಮಾತ್ರ ಇದನ್ನು ಎಂದಿಗೂ ಓಡಿಸಬೇಡಿ, ಇದ್ದದ್ದೂ ಕೆಡುತ್ತದೆ.

ಅದೇ ಪ್ರಾಂಪ್ಟಿನ ಮೇಲೆ ‘ಯುಯುಐಡಿ ಡಸ್ ನಾಟ್ ಎಗ್ಸಿಸ್ಟ್’ ಎಂದಿದ್ದರೆ ವಿಷಯ ಬೇರೆ (ಯುಯುಐಡಿ ಎಂದರೆ ಪಾರ್ಟಿಷನ್ನಿನ ಗುರುತಿನ ಸಂಖ್ಯೆ): ಡಿಸ್ಕೇ ಕಾಣುತ್ತಿಲ್ಲ. ‘ಬಿಎಲ್‌ಕೆಐಡಿ’ ಕೊಟ್ಟು ಡಿಸ್ಕುಗಳ ಪಟ್ಟಿ ನೋಡಿ. ಅದರಲ್ಲಿ ಇಲ್ಲದಿದ್ದರೆ ಡೆಸ್ಕ್‌ಟಾಪಿನಲ್ಲಿ ಸಾಟಾ ಕೇಬಲ್ ತೆಗೆದು ಗಟ್ಟಿಯಾಗಿ ಕೂರಿಸಿ. ಬಯೋಸ್ ಗಡಿಯಾರ ಹಳೆಯ ತಾರೀಕು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಪುಟ್ಟ ಸಿಎಂಒಎಸ್ ಬ್ಯಾಟರಿ ಮುಗಿದಿದೆ. ಬಹಳಷ್ಟು ಬೋರ್ಡುಗಳಲ್ಲಿ ಇರುವುದು 3 ವೋಲ್ಟಿನ ಸಿಆರ್2032. ಅದು ಸತ್ತಾಗ ಸೆಟ್ಟಿಂಗುಗಳೆಲ್ಲ ಹಿಂದಕ್ಕೆ ಹೋಗಿ, ಡಿಸ್ಕ್ ನಡೆಸುವ ವಿಧಾನ ಎಎಚ್‌ಸಿಐ ಇದ್ದದ್ದು ರೇಡ್ ಆಗಿರಬಹುದು. ಬ್ಯಾಟರಿ ಬದಲಿಸಿ, ಎಎಚ್‌ಸಿಐಗೆ ವಾಪಸ್ ತನ್ನಿ.

ಎಮರ್ಜೆನ್ಸಿ ಮೋಡ್

ಎರಡನೇ ಹಾರ್ಡ್‌ಡಿಸ್ಕ್ ತೆಗೆದ ಅಥವಾ ಫಾರ್ಮ್ಯಾಟ್ ಮಾಡಿದ ಮರುದಿನ ಬರುವ ತೊಂದರೆ ಇದು. ಫಾರ್ಮ್ಯಾಟ್ ಆದ ಪಾರ್ಟಿಷನ್ನಿನ ಯುಯುಐಡಿ ಬದಲಾಗುತ್ತದೆ, ಆದರೆ ಯಾವ ಪಾರ್ಟಿಷನ್ ಎಲ್ಲಿ ಸೇರಬೇಕು ಎಂದು ಬರೆದಿರುವ /ಇಟಿಸಿ/ಎಫ್‌ಎಸ್‌ಟ್ಯಾಬ್ (/etc/fstab) ಫೈಲಿನಲ್ಲಿ ಹಳೆಯದೇ ಇರುತ್ತದೆ. ಸಿಸ್ಟಮ್‌ಡಿ 90 ಸೆಕೆಂಡು ಕಾದು, ಸಿಗದೆ, ಎಮರ್ಜೆನ್ಸಿ ಮೋಡಿಗೆ ಇಳಿಯುತ್ತದೆ. ಎಂಟರ್ ಒತ್ತಿ, ಆ ಫೈಲನ್ನು ನ್ಯಾನೋ ಎಡಿಟರಿನಲ್ಲಿ ತೆರೆದು, ಆ ಸಾಲಿನ ಮೊದಲಿಗೆ # ಹಾಕಿ. ಕಂಟ್ರೋಲ್-ಓ, ಎಂಟರ್, ಕಂಟ್ರೋಲ್-ಎಕ್ಸ್, ರೀಬೂಟ್. ಆ ಡಿಸ್ಕ್ ಆಗಾಗ ತೆಗೆದು ಹಾಕುವಂಥದ್ದಾದರೆ ಮುಂದೆ ಅದರ ಆಯ್ಕೆಗಳಲ್ಲಿ ‘ನೋಫೇಲ್’ (nofail) ಸೇರಿಸಿಬಿಡಿ, ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ.

ವಿಂಡೋಸ್ ಜತೆಗಿದ್ದರೆ

2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಅನೇಕ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ‘ಶಿಮ್ ಎಸ್‌ಬಿಎಟಿ’ ಪರಿಶೀಲನೆ ವಿಫಲ ಎಂಬ ಸಾಲು ಬಂದು ಲಿನಕ್ಸ್ ನಿಂತಿತು. ಅದೇ ಸಾಲು ಕಂಡರೆ ಬಯೋಸಿನಲ್ಲಿ ಸೆಕ್ಯೂರ್ ಬೂಟನ್ನು (ನಂಬಿಕೆಯ ಬೂಟ್ ಫೈಲುಗಳನ್ನಷ್ಟೇ ಬಿಡುವ ಕಾವಲನ್ನು) ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್ ಒಳಗೆ ಹೋಗಿ ಮೊದಲು ಡಿಸ್ಟ್ರೋ (ನಿಮ್ಮ ಉಬುಂಟು ಅಥವಾ ಬೇರೆ ಲಿನಕ್ಸ್) ಅಪ್‌ಡೇಟ್ ಮಾಡಿ.

‘ಗ್ರಬ್ ರೆಸ್ಕ್ಯೂ’ ಪ್ರಾಂಪ್ಟ್ ಬಂದರೆ, ವಿಂಡೋಸ್‌ನಿಂದ ಪಾರ್ಟಿಷನ್ ಅಳಿಸಿದ್ದೋ ಜರುಗಿಸಿದ್ದೋ ಇರುತ್ತದೆ, ಗ್ರಬ್‌ಗೆ ತನ್ನದೇ ಫೈಲುಗಳು ಸಿಗುತ್ತಿಲ್ಲ. ಇಲ್ಲಿ 8 ಜಿಬಿ ಪೆನ್‌ಡ್ರೈವಿನ ಲೈವ್ ಉಬುಂಟು (ಇನ್‌ಸ್ಟಾಲ್ ಇಲ್ಲದೆ ಪೆನ್‌ಡ್ರೈವಿನಿಂದಲೇ ಓಡುವುದು) ಬೇಕು. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ‘ಯುಇಎಫ್‌ಐ’ ಎಂದಿರುವುದನ್ನೇ ಆರಿಸಿ, ಇಲ್ಲದಿದ್ದರೆ ಗ್ರಬ್ ಹಳೆಯ ಬಯೋಸ್ ರೀತಿಯಲ್ಲಿ ಕೂರಲು ಹೋಗುತ್ತದೆ. ‘ಎಲ್‌ಎಸ್‌ಬಿಎಲ್‌ಕೆ ಮೈನಸ್ ಎಫ್’ (lsblk -f) ಕೊಟ್ಟರೆ ಇಎಕ್ಸ್‌ಟಿ4 ಎಂದಿರುವುದು ರೂಟ್, ಕೆಲವು ನೂರು ಎಂಬಿಯ ವಿಫ್ಯಾಟ್ ಬೂಟ್ ಫೈಲುಗಳ ಇಎಫ್‌ಐ ಪಾರ್ಟಿಷನ್. ರೂಟನ್ನು /ಎಂಎನ್‌ಟಿಗೆ, ಇಎಫ್‌ಐಯನ್ನು /ಎಂಎನ್‌ಟಿ/ಬೂಟ್/ಇಎಫ್‌ಐಗೆ ಮೌಂಟ್ ಮಾಡಿ. ಡೆವ್, ಪ್ರಾಕ್, ಸಿಸ್ ಮೂರನ್ನೂ ‘ಆರ್‌ಬೈಂಡ್’ ಮೂಲಕ ಸೇರಿಸಿ. ಬರೀ ‘ಬೈಂಡ್’ ಎಂದರೆ ಇಎಫ್‌ಐ ವೇರಿಯಬಲ್‌ಗಳು ಒಳಗೆ ಬರುವುದಿಲ್ಲ, ಅಲ್ಲೇ ಎರರ್ ಕೊಡುತ್ತದೆ. ಸಿಎಚ್‌ರೂಟ್ ಕಮಾಂಡಿನಿಂದ ಡಿಸ್ಕಿನ ಲಿನಕ್ಸ್ ಒಳಗೆ ಹೋಗಿ ಗ್ರಬ್-ಇನ್‌ಸ್ಟಾಲ್, ನಂತರ ಅಪ್‌ಡೇಟ್-ಗ್ರಬ್.

ಎಫ್‌ಎಸ್‌ಸಿಕೆ ಮಾಡಿದ ನಾಲ್ಕೇ ದಿನಕ್ಕೆ ಅದೇ ತೊಂದರೆ ಮರಳಿದರೆ ದುರಸ್ತಿ ನಿಲ್ಲಿಸಿ. ಲೈವ್ ಪೆನ್‌ಡ್ರೈವಿನಿಂದ ಹೋಮ್ ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡು, ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಿಂದ ಡಿಸ್ಕ್ ಪರೀಕ್ಷಿಸಿ. ಹಾರ್ಡ್‌ಡಿಸ್ಕಿನಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ (ಓದಲಾಗದೆ ಉಳಿದ ಜಾಗಗಳ) ಸಂಖ್ಯೆ ಸೊನ್ನೆ ಬಿಟ್ಟು ಏರುತ್ತಿದ್ದರೆ ಹೊಸ ಡಿಸ್ಕ್ ತರಲೇಬೇಕು.