ಸ್ಟೆಂಟ್ ಹಾಕಿದ ನಂತರದ 12 ವಾರಗಳು: ಹೃದಯ ಪುನಶ್ಚೇತನ ಚಿಕಿತ್ಸೆಯನ್ನು ಸರ್ಕಾರಿ ಯೋಜನೆಗೆ ಸೇರಿಸಲು ರೋಗಿಗಳು ಒತ್ತಾಯಿಸುವ ಬಗೆ

ಸಿಂಧನೂರಿನ ಗದ್ದೆಯಲ್ಲೋ ಸಂಡೂರಿನ ಗಣಿಯಲ್ಲೋ ದುಡಿಯುವವರಿಗೆ ಹೃದಯಾಘಾತವಾದರೆ, ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ರಕ್ಷಣೆ ಇದೆ, ಸ್ಟೆಂಟ್ ಮತ್ತು ಬೈಪಾಸ್ ಎರಡೂ ಅದರೊಳಗೆ ಬರುತ್ತವೆ. ಆದರೆ ಈ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಾಗಿ ರೂಪುಗೊಂಡಿದ್ದು, ಆಯುಷ್ಮಾನ್ ಭಾರತ್ ನಿಯಮದಂತೆ ಬಿಡುಗಡೆಯ ನಂತರದ ಔಷಧ ಮತ್ತು ತಪಾಸಣೆಗೆ ಸಿಗುವುದು 15 ದಿನಗಳ ರಕ್ಷಣೆ ಮಾತ್ರ. ಹೃದಯ ಪುನಶ್ಚೇತನ ಚಿಕಿತ್ಸೆ ಎಂದರೆ ತಜ್ಞರ ಮೇಲ್ವಿಚಾರಣೆಯ ವ್ಯಾಯಾಮ, ಆಹಾರದ ಮಾರ್ಗದರ್ಶನ, ಬೀಡಿ–ಗುಟ್ಕಾ ಬಿಡಿಸುವುದು, ಬಿಪಿ–ಸಕ್ಕರೆಯ ಹತೋಟಿ ಮತ್ತು ಮನಸ್ಸಿಗೆ ಧೈರ್ಯ ತುಂಬುವುದು. ಸಾಮಾನ್ಯವಾಗಿ ಸುಮಾರು 12 ವಾರ ನಡೆಯುವ ಈ ಚಿಕಿತ್ಸೆಗೆ ರೋಗಿ ಮನೆಯಿಂದ ಬಂದು ಹೋಗಬೇಕಾಗುತ್ತದೆ. ದಾಖಲಾತಿಯನ್ನೇ ಆಧಾರವಾಗಿಟ್ಟುಕೊಂಡ ಯೋಜನೆಯಿಂದ ಅದು ಹೊರಗುಳಿಯುವುದು ಇದೇ ಕಾರಣಕ್ಕೆ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. 'ಹೃದ್ರೋಗಿಗಳಿಗೆ ಹೆಚ್ಚಿನ ಸೌಲಭ್ಯ ಕೊಡಿ' ಎಂಬ ಅರ್ಜಿಗೆ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಕಡತ ಮುಚ್ಚುತ್ತದೆ. ಅದರ ಬದಲು, ಡಯಾಲಿಸಿಸ್‌ಗೆ ಪ್ರತಿ ಸರದಿಗೂ ದರ ನಿಗದಿಪಡಿಸಿ ಯೋಜನೆಯಲ್ಲಿ ಹಣ ಕೊಡುವಂತೆ, ಹೃದಯ ಪುನಶ್ಚೇತನಕ್ಕೂ ಸರದಿವಾರು ಪ್ಯಾಕೇಜ್ (ಯೋಜನೆ ಕೊಡುವ ನಿಗದಿತ ಚಿಕಿತ್ಸಾ ದರ) ರಚಿಸಬೇಕೆಂದು ಬರೆಯಿರಿ. ಮತ್ತೆ ಮತ್ತೆ ಬಂದು ಹೋಗುವ ರೋಗಿಗೆ ಹಣ ಕೊಡಲಾಗದು ಎಂಬ ವಾದಕ್ಕೆ ಡಯಾಲಿಸಿಸ್ ಒಂದೇ ಸಾಕಷ್ಟು ಉತ್ತರ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 36 ಸರದಿಗಳವರೆಗೆ ಈ ಚಿಕಿತ್ಸೆಯ ವೆಚ್ಚ ಭರಿಸುತ್ತದೆ ಎಂಬುದನ್ನೂ ಸೇರಿಸಬಹುದು. ಆದರೆ ನಮ್ಮ ಅಧಿಕಾರಿಗಳಿಗೆ ಹತ್ತಿರದ ಉದಾಹರಣೆಯೇ ಹೆಚ್ಚು ಮನವರಿಕೆಯಾಗುತ್ತದೆ ಎಂದು ನನಗನ್ನಿಸುತ್ತದೆ. ರಾಯಚೂರಿನ ಗಡಿಯಾಚೆ ತೆಲಂಗಾಣದ ಆರೋಗ್ಯಶ್ರೀ ಯೋಜನೆಯಲ್ಲಿ, ಗೊತ್ತುಪಡಿಸಿದ ಕೆಲವು ಚಿಕಿತ್ಸೆಗಳ ನಂತರ ತಪಾಸಣೆ ಮತ್ತು ಔಷಧಕ್ಕೆಂದೇ ಅನುಸರಣಾ ಪ್ಯಾಕೇಜುಗಳನ್ನು ರೂಪಿಸಲಾಗಿದೆ.

ವೈದ್ಯಕೀಯ ಆಧಾರವನ್ನು ಒಂದೇ ಪ್ಯಾರಾದಲ್ಲಿ, ಉತ್ಪ್ರೇಕ್ಷೆಯಿಲ್ಲದೆ ಕೊಡಿ. ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಾಗಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್‌ನ 2021ರ ವಿಮರ್ಶೆ 85 ಪ್ರಯೋಗಗಳ 23,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ, ವ್ಯಾಯಾಮ ಆಧಾರಿತ ಪುನಶ್ಚೇತನದಿಂದ ಹೃದ್ರೋಗದ ಸಾವು, ಮರು ಹೃದಯಾಘಾತ ಮತ್ತು ಮತ್ತೆ ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗುತ್ತವೆ ಎಂದು ಕಂಡುಕೊಂಡಿತು. ಭಾರತದ 24 ಆಸ್ಪತ್ರೆಗಳಲ್ಲಿ 3,959 ರೋಗಿಗಳೊಂದಿಗೆ ನಡೆದ ಯೋಗ-ಕೇರ್ ಪ್ರಯೋಗದಲ್ಲಿ, ಯೋಗಾಧಾರಿತ ಪುನಶ್ಚೇತನ ಪಡೆದವರ ಆರೋಗ್ಯಸ್ಥಿತಿ ಸುಧಾರಿಸಿತು, ಅವರು ಮೊದಲಿನ ಚಟುವಟಿಕೆಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಸಾವಿನ ಪ್ರಮಾಣದಲ್ಲಿ ಮಾತ್ರ ಅದು ಖಚಿತ ವ್ಯತ್ಯಾಸ ತೋರಿಸಲಿಲ್ಲ. ಅದನ್ನು ಮುಚ್ಚಿಡಬೇಡಿ, ಏಕೆಂದರೆ ಕೂಲಿಯಿಂದಲೇ ಮನೆ ನಡೆಯುವ ನಮ್ಮ ಜಿಲ್ಲೆಗಳಲ್ಲಿ ಕೆಲಸಕ್ಕೆ ಮರಳುವುದೇ ದೊಡ್ಡ ಲಾಭ.

ಅರ್ಜಿಗೆ ಮೊದಲು ದಾಖಲೆ ಬೇಕು. ಡಿಸ್ಚಾರ್ಜ್ ಸಮರಿಯ ಪ್ರತಿ ತೆಗೆದಿಟ್ಟುಕೊಂಡು, ಮುಂದಿನ ಭೇಟಿಯಲ್ಲಿ ಹೃದ್ರೋಗ ತಜ್ಞರನ್ನು 'ಹೃದಯ ಪುನಶ್ಚೇತನ ಅಗತ್ಯ' ಎಂದು ಚೀಟಿಯಲ್ಲಿ ಬರೆದುಕೊಡುವಂತೆ ಕೇಳಿರಿ, ಏಕೆಂದರೆ ವೈದ್ಯರು ಬರೆಯದ ಚಿಕಿತ್ಸೆಗೆ ಬೇಡಿಕೆಯೇ ಇಲ್ಲ ಎಂದು ಕಚೇರಿ ಭಾವಿಸುತ್ತದೆ. ಬಸ್ ಖರ್ಚು, ಜೊತೆಗೆ ಬಂದವರ ಕೂಲಿ ನಷ್ಟ, ಫಿಸಿಯೋಥೆರಪಿ ಶುಲ್ಕ ಇವೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಬರೆದಿಡಿ. ಹೆಣ್ಣುಮಕ್ಕಳ ಮಾತನ್ನು ತಪ್ಪದೆ ಬರೆಸಿಕೊಳ್ಳಿ. ಮನೆಗೆಲಸಕ್ಕೆ ಬೇಗನೆ ಮರಳಬೇಕಾಗುವ ಅವರ ಕಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಬೇರೆಯವರ ವೈದ್ಯಕೀಯ ದಾಖಲೆಯನ್ನು ಲಗತ್ತಿಸುವುದಾದರೆ ಅವರ ಲಿಖಿತ ಒಪ್ಪಿಗೆ ಇರಲೇಬೇಕು.

ಮುಂದಿನ ಹೆಜ್ಜೆ ಮಾಹಿತಿ ಹಕ್ಕಿನದು. ಪುನಶ್ಚೇತನಕ್ಕೆ ಪ್ರತ್ಯೇಕ ಪ್ಯಾಕೇಜ್ ಇದೆಯೇ, ಇದ್ದರೆ ದರವೆಷ್ಟು, ಇಲ್ಲದಿದ್ದರೆ ಆ ಬಗ್ಗೆ ಯಾವ ಪ್ರಸ್ತಾವ ಬಂದಿದೆ ಎಂದು ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಕೇಳಿರಿ. ಫಿಸಿಯೋಥೆರಪಿಸ್ಟ್ ಹುದ್ದೆಗಳೆಷ್ಟು, ಖಾಲಿ ಎಷ್ಟು ಎಂಬ ಪ್ರಶ್ನೆ ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ, ಪ್ರತ್ಯೇಕ ಅರ್ಜಿಯಲ್ಲಿ ಹೋಗಲಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿದ್ದು, ಅದು ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ.

ಪ್ಯಾಕೇಜ್ ರಚಿಸುವ ಅಧಿಕಾರ ಜಿಲ್ಲೆಯಲ್ಲಿಲ್ಲ, ಅದು ರಾಜ್ಯಮಟ್ಟದ್ದು. ಜಿಲ್ಲಾಧಿಕಾರಿಗೆ ಕೊಟ್ಟ ಮನವಿ ಮುಂದಕ್ಕೆ ರವಾನೆಯಾಗುವುದರಲ್ಲೇ ತಿಂಗಳುಗಳು ಕಳೆಯಬಹುದಾದ್ದರಿಂದ, ಪ್ಯಾಕೇಜಿನ ಮನವಿಯನ್ನು ನೇರವಾಗಿ ಟ್ರಸ್ಟ್‌ಗೂ ಆರೋಗ್ಯ ಇಲಾಖೆಗೂ ಕಳಿಸಿ, ಜಿಲ್ಲೆಯಲ್ಲಿ ಸ್ಥಳ, ಉಪಕರಣ ಮತ್ತು ಸಿಬ್ಬಂದಿಯನ್ನು ಮಾತ್ರ ಕೇಳಿರಿ. ಇದಕ್ಕೆ ಹಣದ ದಾರಿಗಳು ನಮ್ಮಲ್ಲಿ ಹೆಚ್ಚೇ ಇವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಗೆ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಜಿಲ್ಲೆಗಳು ಸೇರುತ್ತವೆ. ಬಳ್ಳಾರಿಯಂಥ ಗಣಿ ಜಿಲ್ಲೆಯಲ್ಲಿ, ಗಣಿ ಗುತ್ತಿಗೆದಾರರು ಗಣಿಬಾಧಿತ ಜನರಿಗಾಗಿ ಕೊಡುವ ಹಣದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದ್ದು, ಅದರ ಆದ್ಯತೆಯ ಕ್ಷೇತ್ರಗಳಲ್ಲಿ ಆರೋಗ್ಯವೂ ಒಂದು. 2010ರಲ್ಲಿ ಕರ್ನಾಟಕದ್ದೇ ಆದ, ಬಡವರ ಉಚಿತ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಗೆ ಬಂದದ್ದು ನಮ್ಮ ಕಲಬುರಗಿ ವಿಭಾಗದಲ್ಲಿಯೇ, ಆಮೇಲೆ ಅದು ರಾಜ್ಯದ ಉಳಿದೆಡೆ ಹೋಯಿತು. ಹೊಸ ಪ್ಯಾಕೇಜನ್ನು ಪ್ರಾಯೋಗಿಕವಾಗಿ ಇಲ್ಲಿಂದಲೇ ಆರಂಭಿಸಿ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಪೂರ್ವನಿದರ್ಶನ ಬೇಕಿಲ್ಲ.

ಜಿಲ್ಲಾ ಕೇಂದ್ರದಲ್ಲೊಂದು ಘಟಕ ಸಿಕ್ಕರೆ ಸಾಕೆಂದು ಒಪ್ಪಿಕೊಳ್ಳಬೇಡಿ. ದೇವದುರ್ಗ ಅಥವಾ ಕುಷ್ಟಗಿಯ ಹಳ್ಳಿಯಿಂದ ವಾರಕ್ಕೆ ಮೂರು ದಿನ ರಾಯಚೂರಿಗೋ ಕೊಪ್ಪಳಕ್ಕೋ ಬರುವುದು ಎದೆಯ ಗಾಯ ಮಾಯದ ಬೈಪಾಸ್ ರೋಗಿಗೆ ಆಗದ ಮಾತು. ಮೊದಲ ಪರೀಕ್ಷೆ ಮತ್ತು ಆರಂಭದ ಕೆಲವು ಸರದಿಗಳು ಜಿಲ್ಲಾ ಆಸ್ಪತ್ರೆಯಲ್ಲಿ, ಉಳಿದವು ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಫೋನ್ ಮೂಲಕ ವಿಚಾರಿಸುತ್ತಾ ಮನೆಯಲ್ಲೇ ನಡೆಯುವ ವ್ಯವಸ್ಥೆಯನ್ನು ಮನವಿಯಲ್ಲೇ ಬರೆಯಿರಿ. ಅದು ಬರುವವರೆಗೆ ವೈದ್ಯರ ಅನುಮತಿಯಿಲ್ಲದೆ ಯಾರೂ ಸ್ವತಃ ಕಠಿಣ ವ್ಯಾಯಾಮ ಆರಂಭಿಸಬಾರದು.

ಪ್ರತಿ ಮನವಿಗೂ ಮುದ್ರೆ ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಿರಿ, ಜೊತೆಗೆ 1902 ಜನಸ್ಪಂದನ ಸಹಾಯವಾಣಿಯಲ್ಲೂ ದಾಖಲಿಸಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಗೆ ಮುಂಚೆಯೇ ಮನವಿಯ ಪ್ರತಿಯನ್ನು ಶಾಸಕರಿಗೆ ತಲುಪಿಸಿ. ಅಲ್ಲೂ ಉತ್ತರ ಸಿಗದಿದ್ದರೆ, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರವನ್ನು ಲಗತ್ತಿಸಿ, ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಯನ್ನಾದರೂ ಕೇಳುವಂತೆ ಅವರನ್ನು ವಿನಂತಿಸಿ. ಅದಕ್ಕೆ ಆರೋಗ್ಯ ಸಚಿವರು ಲಿಖಿತ ಉತ್ತರ ಕೊಡಬೇಕಾಗುತ್ತದೆ.