ಅಡಿಕೆ ಘಮದ ಚೀನಾ ಟೀ: ಆರಿಸುವುದು, ಕಾಯಿಸುವುದು, ಕಾಪಾಡುವುದು

ನಮ್ಮದು ಗುಬ್ಬಿ ಕಡೆಯ ಅಡಿಕೆ ತೋಟದ ಮನೆ. ಅಡಿಕೆ ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸುವ ವಾಸನೆಯಲ್ಲೇ ಬೆಳೆದವಳು ನಾನು. ಕೆಲವು ವರ್ಷಗಳ ಹಿಂದೆ ಮಗಳು ಮಲೇಷ್ಯಾದಿಂದ ಒಂದು ಪೊಟ್ಟಣ ಟೀ ತಂದಳು. ಬಿಸಿನೀರು ಬಿದ್ದ ತಕ್ಷಣ ಕೇಳಿದೆ, 'ಇದಕ್ಕೆ ಅಡಿಕೆ ಹಾಕಿದ್ದಾರೇನೇ?' ಹಾಕಿರಲಿಲ್ಲ. ಅದು ಚೀನಾದ ಗುವಾಂಗ್‌ಶಿಯ ಲಿಯು ಬಾವ್ ಟೀ. ಅದರ ಘಮವನ್ನು ಅಲ್ಲಿನವರೂ 'ಅಡಿಕೆ ಪರಿಮಳ' ಅಂತಲೇ ಕರೆಯುತ್ತಾರೆ. ಹಿಂದೆ ಮಲಯಾದ ತವರದ ಗಣಿಗಳಿಗೆ ದುಡಿಯಲು ಹೋದ ಚೀನೀಯರು ಇದನ್ನೇ ಕುಡಿಯುತ್ತಿದ್ದರು.

ಕೊಳ್ಳುವ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ನಾವು ಬ್ಲ್ಯಾಕ್ ಟೀ ಅನ್ನುವುದಕ್ಕೆ ಚೀನಾದಲ್ಲಿ ಕೆಂಪು ಟೀ ಅಂತ ಹೆಸರು. ಅವರು ಕಪ್ಪು ಟೀ, ಅಂದರೆ 'ಹೇಯ್ ಚಾ' ಅನ್ನುವುದು ಸೂಕ್ಷ್ಮಜೀವಿಗಳಿಂದ ಹುದುಗಿ ಮಾಗಿದ ಟೀಗೆ. ಲಿಯು ಬಾವ್ ಮತ್ತು ಮುಂದೆ ಹೇಳುವ ಟೀಗಳು ಈ ಗುಂಪಿನವೇ.

ಚೀನಾದ ಯುನ್ನಾನ್ ಪ್ರಾಂತ್ಯದ ಪು ಅರ್ ಹೆಚ್ಚು ಜನ ಕೇಳಿರುವ ಹೆಸರು. ಇದರಲ್ಲಿ ಎರಡು ಬಗೆ. 'ಶೆಂಗ್' ಹಸಿಯದು. ವರ್ಷಗಟ್ಟಲೆ ಇಟ್ಟರೆ ತಾನಾಗಿ ಮಾಗುತ್ತದೆ. ಎಳೆಯದಾಗಿದ್ದರೆ ಒಗರು, ಕಹಿ ಜಾಸ್ತಿ. 'ಶೌ' ಬೇಗ ಮಾಗಿಸಿದ್ದು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಹೊದಿಸಿ ವಾರಗಟ್ಟಲೆ ಬಿಡುತ್ತಾರೆ. ಮೊಳಕೆಗೆ ಕಟ್ಟಿದ ಹುರುಳಿ ಗಂಟು ಒಳಗೊಳಗೇ ಬೆಚ್ಚಗಾಗುತ್ತದಲ್ವಾ, ಹಾಗೆ ರಾಶಿ ಕಾವೇರುತ್ತದೆ. ಈ ವಿಧಾನ ಕುನ್ಮಿಂಗ್‌ನ ಕಾರ್ಖಾನೆಯಲ್ಲಿ ರೂಢಿಗೆ ಬಂದದ್ದು 1973ರಲ್ಲಿ. ಹೊಸಬರು ಶೌ ಅಥವಾ ಲಿಯು ಬಾವ್‌ನಿಂದಲೇ ಶುರುಮಾಡಿ. ಎಲೆಯನ್ನು ಒತ್ತಿ ಮಾಡಿದ 357 ಗ್ರಾಂನ ಇಡೀ ಬಿಲ್ಲೆ ಬೇಡ, 50 ಗ್ರಾಂ ಸಾಕು.

ಹುನಾನ್‌ನ ಫೂ ಇಟ್ಟಿಗೆ ಟೀ ಒಡೆದರೆ ಒಳಗೆ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆ ಕಾಣುತ್ತವೆ. ಅದು ಬೇಕೆಂದೇ ಬೆಳೆಸಿದ ಶಿಲೀಂಧ್ರ, 'ಚಿನ್ನದ ಹೂವು'. ಅದನ್ನು ಬೂಷ್ಟು ಅಂತ ಎಸೆಯಬೇಡಿ. ಆದರೆ ಯಾವುದೇ ಟೀಯಲ್ಲಿ ಹಸಿರು, ಕಪ್ಪು ಅಥವಾ ಬಿಳಿ ನವಿರು ಎದ್ದಿದ್ದರೆ, ಮುಗ್ಗಲು ಮೂಗಿಗೆ ಹೊಡೆದರೆ, ಎಷ್ಟೇ ದುಡ್ಡು ಕೊಟ್ಟಿರಲಿ, ತಿಪ್ಪೆಗೆ ಹಾಕಿ. ಮಳೆಗೆ ನೆನೆದ ಅಡಿಕೆಯ ವಾಸನೆ ಗೊತ್ತಿರುವವರಿಗೆ ಇದು ಹೇಳಿಕೊಡಬೇಕಿಲ್ಲ.

ಬಿಲ್ಲೆಗೆ ಅಡಕತ್ತರಿ ಹಾಕಬೇಡಿ. ಎಲೆ ಪುಡಿಯಾದರೆ ಕಹಿ ಬಿಡುತ್ತದೆ. ಅಂಚಿನಲ್ಲಿ ತೆಳು ಚಾಕು ತೂರಿಸಿ, ಪದರ ಪದರವಾಗಿ ಮೆಲ್ಲಗೆ ಎಬ್ಬಿಸಿ. 100 ಮಿಲಿಲೀಟರ್ ಹಿಡಿಯುವ ಪಿಂಗಾಣಿ ಬಟ್ಟಲಿಗೆ 5 ಗ್ರಾಂ ಎಲೆ. ನಮ್ಮ ಬೋರ್‌ವೆಲ್‌ನ ಗಡಸು ನೀರಲ್ಲಿ ರುಚಿ ಮಂಕಾಗುತ್ತದೆ. ನಾನು ಫಿಲ್ಟರ್ ನೀರನ್ನೇ ಮರಳಿಸುತ್ತೇನೆ. ಮೊದಲ ನೀರು ಹೊಯ್ದು 10 ಸೆಕೆಂಡಿಗೆ ಚೆಲ್ಲಿಬಿಡಿ, ಅದು ಎಲೆ ತೊಳೆಯಲು. ಮತ್ತೆ ಹೊಯ್ದು 10–15 ಸೆಕೆಂಡಿಗೆ ಬಸಿದು ಕುಡಿಯಿರಿ. ಹಾಲು, ಸಕ್ಕರೆ ಬೇಡ. ಪ್ರತಿ ಸಲ ಸ್ವಲ್ಪ ಹೊತ್ತು ಹೆಚ್ಚಿಸುತ್ತಾ ಹೋದರೆ ಅದೇ ಎಲೆಯಲ್ಲಿ ಏಳೆಂಟು ಸಲ ಬರುತ್ತದೆ. ನನಗೆ ಮೂರನೆಯದೇ ಇಷ್ಟ. ಲಿಯು ಬಾವ್‌ನ ಅಡಿಕೆ ಘಮ ಆಗ ಗಂಟಲಲ್ಲಿ ತಂಪಾಗಿ ನಿಲ್ಲುತ್ತದೆ.

ಮೊದಲ ಬಿಲ್ಲೆಯನ್ನು ಸಾರಿನ ಪುಡಿ ಡಬ್ಬಿಯ ಪಕ್ಕ ಇಟ್ಟು ಕಳೆದುಕೊಂಡೆ. ಟೀ ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಈಗ ಎಣ್ಣೆ, ಮೊಸರು ಏನೂ ಸೋಕದ ಹೊಸ ಮಡಕೆಯಲ್ಲಿ, ಕಾಗದ ಸುತ್ತಿ, ಬಾಯಿಗೆ ಹತ್ತಿಬಟ್ಟೆ ಕಟ್ಟಿ ನಡುಮನೆಯ ಮೂಲೆಯಲ್ಲಿಟ್ಟಿದ್ದೇನೆ. ಬಿಸಿಲು ಬೀಳಬಾರದು, ಊದುಬತ್ತಿ ಹತ್ತಿರ ಇರಬಾರದು. ಮಳೆಗಾಲದಲ್ಲಿ ಮಾತ್ರ ವಾರಕ್ಕೊಮ್ಮೆ ಬಟ್ಟೆ ಬಿಚ್ಚಿ ಮೂಸಿ ನೋಡುತ್ತೇನೆ.