ಕೋವಿ ಹಿಡಿಗೆ ಚೆಕರಿಂಗ್: ಕೈ ಕಟ್ಟರೋ, ಮೋಟರೋ?
ಕೋವಿಯ ಮರದ ಹಿಡಿಗೆ ಚೆಕರಿಂಗ್ (ಕೈ ಜಾರದಂತೆ ಒಂದನ್ನೊಂದು ಕತ್ತರಿಸುವ ಗೆರೆ ಕೊರೆದು ಸಣ್ಣ ಸಣ್ಣ ಮೊನೆ ಎಬ್ಬಿಸುವುದು) ಮಾಡೋಕೆ ಮೋಟರ್ ಟೂಲ್ ತಗೊಳ್ಳಲಾ ಅಂತ ಕೇಳಿದವರಿಗೆ: ಇದು ಮೊದಲನೇ ಹಿಡಿಯಾದರೆ ಬೇಡ, ಕೈ ಕಟ್ಟರ್ ಸಾಕು. ಮೋಟರ್ ಬೇಗ ಕೊರೆಯುತ್ತದೆ ನಿಜ, ಆದರೆ ವಿನ್ಯಾಸದ ಅಂಚು ದಾಟಿದ್ದು ಗೊತ್ತಾಗುವಷ್ಟರಲ್ಲಿ ಮರ ಹೋಗಿರುತ್ತದೆ.

ಶುರುವಿಗೆ ಇಂಚಿಗೆ 18 ಗೆರೆ ಸಾಕು, 24 ಆಮೇಲೆ ನೋಡಿಕೊಳ್ಳಿ. ಒಂದನ್ನೊಂದು ಕತ್ತರಿಸುವ ಎರಡು ಮುಖ್ಯ ಗೆರೆಗಳು ನೇರ ಇರಲೇಬೇಕು, ಉಳಿದವೆಲ್ಲ ಅವುಗಳ ಹಿಂದೆಯೇ ಹೋಗುತ್ತವೆ. ಎರಡು ಸಾಲಿನ ಕಟ್ಟರ್‌ನಲ್ಲಿ ಒಂದು ಸಾಲು ಹಲ್ಲು ಆಗಲೇ ಕೊರೆದಿರುವ ಗೆರೆಯಲ್ಲೇ ಕೂತು ಓಡುತ್ತದೆ, ಇನ್ನೊಂದು ಪಕ್ಕದ ಗೆರೆ ಹಾಕುತ್ತದೆ. ಒಂದೇ ಸಲ ಆಳಕ್ಕೆ ಇಳಿಸಬೇಡಿ, ಮೊದಲು ಎಲ್ಲ ಗೆರೆಯನ್ನೂ ತೆಳುವಾಗಿ ಎಳೆದು, ಪುಡಿಯನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆಯುತ್ತಾ ಎರಡು ಮೂರು ಸುತ್ತಿನಲ್ಲಿ ಆಳ ಮಾಡಿದರೆ ಮೊನೆಗಳು ಚೂಪಾಗಿ ಬರುತ್ತವೆ. ಮೋಟರ್ ಇರುವವರೂ ಅಂಚಿನ ಹತ್ತಿರದ ಕೊನೆಯ ತುಂಡನ್ನು ಕೈಯಲ್ಲೇ ಮುಗಿಸಿ.